ಹೆಕ್ಸ್ ಸಾಲಿನಲ್ಲಿ ಬೈಟುಗಳ ಹಿಂದುಮುಂದು

(ದಾವಣಗೆರೆಯಲ್ಲಿ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಕಾರ್ಖಾನೆಗಳ ವಿದ್ಯುತ್ ವಿಭಾಗದವರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ವಾಕ್ಯಗಳಲ್ಲಿ ವಿವರಿಸಿದ್ದೇನೆ.)

ಕಾರ್ಖಾನೆಯ ವಿದ್ಯುತ್ ಪ್ಯಾನೆಲ್ಲಿಗೆ ಕೂರಿಸಿದ ಡಿಜಿಟಲ್ ಮೀಟರು ಆವರ್ತನವನ್ನು 50.00 ಹರ್ಟ್ಸ್ ಎಂದು ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ಅದೇ ಮೀಟರಿನಿಂದ ಕೇಬಲ್ ಎಳೆದು ಆಫೀಸಿನ ಕಂಪ್ಯೂಟರಿಗೆ ಜೋಡಿಸಿದಾಗ ಪರದೆಯ ಮೇಲೆ 348.35 ಎಂದು ಬರುತ್ತದೆ. ಮೀಟರು ಕೆಟ್ಟಿಲ್ಲ, ಕೇಬಲ್ಲಿನಲ್ಲೂ ದೋಷವಿಲ್ಲ, ದಾರಿಯಲ್ಲಿ ಒಂದು ಬಿಟ್ಟೂ (ಸೊನ್ನೆ ಅಥವಾ ಒಂದು ಎಂಬ ಅತಿ ಚಿಕ್ಕ ತುಣುಕು) ಕಳೆದುಹೋಗಿಲ್ಲ. ಮೀಟರು ದಶಮಾಂಶ ಬಿಂದುವನ್ನು ಕಳಿಸುವ ಗೋಜಿಗೆ ಹೋಗದೆ 50.00 ಅನ್ನು ನೂರರಿಂದ ಗುಣಿಸಿ 5000 ಎಂಬ ಪೂರ್ಣಾಂಕವನ್ನು ಕಳಿಸಿದೆ. 5000 ಅನ್ನು ಹದಿನಾರರ ಆಧಾರದ ಹೆಕ್ಸಾಡೆಸಿಮಲ್ಲಿನಲ್ಲಿ ಬರೆದರೆ 1388, ಅಂದರೆ 13 ಮತ್ತು 88 ಎಂಬ, ಎಂಟೆಂಟು ಬಿಟ್ಟುಗಳ ಎರಡು ಬೈಟುಗಳು. ಪಡೆದುಕೊಂಡ ಪ್ರೋಗ್ರಾಮು ಅವೆರಡನ್ನು ಹಿಂದುಮುಂದಾಗಿ ಜೋಡಿಸಿ 8813 ಎಂದು ಓದಿತು. ಅದರ ದಶಮಾನ ಬೆಲೆ 34835, ನೂರರಿಂದ ಭಾಗಿಸಿದರೆ 348.35. ಅದೇ ಪ್ರೋಗ್ರಾಮು ಆ ಸಂಖ್ಯೆಯನ್ನು ಋಣಚಿಹ್ನೆಗೆ ಅವಕಾಶವಿರುವ ಬಗೆಯೆಂದು ಭಾವಿಸಿದ್ದರೆ ಪರದೆಯ ಮೇಲೆ ಮೈನಸ್ 307.01 ಬರುತ್ತಿತ್ತು.

ಈ ಬಗೆಯ ತಪ್ಪಿನಲ್ಲಿ ಒಂದು ಒಳ್ಳೆಯ ಗುಣವಿದೆ. ಇದು ಮನಬಂದಂತೆ ಬರುವ ತಪ್ಪಲ್ಲ. ತಪ್ಪು ಉತ್ತರವನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ ಸರಿಯಾದ ಉತ್ತರಕ್ಕೇ ಹೋಗಿ ನಿಲ್ಲಬಹುದು. ಹಾಗೆ ಹಿಂದಕ್ಕೆ ಹೋಗುವಾಗ ಏನನ್ನು ತಿರುಗಿಸಬೇಕು, ಏನನ್ನು ಮುಟ್ಟಲೇಬಾರದು ಎಂಬುದೇ ಈ ಉಪನ್ಯಾಸದ ವಿಷಯ.

ಹೆಕ್ಸಾಡೆಸಿಮಲ್ ಎಂದರೆ ಹದಿನಾರನ್ನು ಆಧಾರವಾಗಿಟ್ಟುಕೊಂಡ ಬರವಣಿಗೆ ಎಂಬುದು ನಿಮಗೆಲ್ಲ ಗೊತ್ತಿದೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಮುಗಿದ ಮೇಲೆ ಹತ್ತರಿಂದ ಹದಿನೈದರವರೆಗೆ ಇಂಗ್ಲಿಷಿನ ಮೊದಲ ಆರು ಅಕ್ಷರಗಳನ್ನು ಬಳಸುತ್ತಾರೆ. ಈ ಬರಹದಲ್ಲಿ ಅವನ್ನು ಬಾಯಲ್ಲಿ ಹೇಳುವಂತೆಯೇ ಎ, ಬಿ, ಸಿ, ಡಿ, ಇ, ಎಫ್ ಎಂದು ಕನ್ನಡದಲ್ಲಿ ಬರೆದಿದ್ದೇನೆ. ನಾಲ್ಕು ಬಿಟ್ಟುಗಳಿಗೆ ಒಂದು ಹೆಕ್ಸ್ ಅಂಕಿ, ಎಂಟು ಬಿಟ್ಟುಗಳ ಬೈಟಿಗೆ ಎರಡು ಅಂಕಿ. ಮುಂದೆ ಹೇಳುವುದೆಲ್ಲ ಈ ಎರಡು ಅಂಕಿಗಳ ಜೋಡಿಯ ಮೇಲೆ ನಿಂತಿದೆ. ಜೋಡಿಯನ್ನು ಒಡೆಯುವಂತಿಲ್ಲ, ಜೋಡಿಗಳ ಸಾಲನ್ನು ಮಾತ್ರ ಬದಲಿಸಬಹುದು.

ಕಂಪ್ಯೂಟರಿನ ಮೆಮೊರಿಯಲ್ಲಿ ಒಂದೊಂದು ಬೈಟಿಗೂ ಒಂದೊಂದು ವಿಳಾಸ ಇರುತ್ತದೆ. 12345678 ಎಂಬ ಹೆಕ್ಸ್ ಸಂಖ್ಯೆಗೆ ನಾಲ್ಕು ಬೈಟುಗಳ ಜಾಗ ಬೇಕು. ನೂರನೆಯ ವಿಳಾಸದಿಂದ ನೂರಮೂರನೆಯ ವಿಳಾಸದವರೆಗೆ ಜಾಗ ಸಿಕ್ಕಿದರೆ, ದೊಡ್ಡ ಬೆಲೆಯ ತುದಿಯಾದ 12 ಅನ್ನು ನೂರನೆಯದರಲ್ಲಿ ಇಟ್ಟು 34, 56, 78 ಎಂದು ಮುಂದುವರಿಯುವುದು ಒಂದು ಪದ್ಧತಿ. ಇದಕ್ಕೆ ಬಿಗ್ ಎಂಡಿಯನ್ ಎನ್ನುತ್ತಾರೆ. ಚಿಕ್ಕ ಬೆಲೆಯ ತುದಿಯಾದ 78 ಅನ್ನು ಮೊದಲು ಇಟ್ಟು 56, 34, 12 ಎಂದು ಹೋಗುವುದು ಇನ್ನೊಂದು. ಅದು ಲಿಟಲ್ ಎಂಡಿಯನ್. ಎರಡೂ ಕಡೆ ಸಂಖ್ಯೆ ಒಂದೇ, ದಶಮಾನದಲ್ಲಿ 305419896. ಒಂದೇ ಪದ್ಧತಿಯ ಯಂತ್ರ ತಾನೇ ಬರೆದು ತಾನೇ ಓದಿಕೊಳ್ಳುವಾಗ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬೇಕಾದ ಕ್ಷಣದಲ್ಲಿ ಮಾತ್ರ ಜಗಳ ಹುಟ್ಟುತ್ತದೆ.

ಚಿಕ್ಕದನ್ನು ಮೊದಲು ಇಡುವ ಪದ್ಧತಿ ಯಾರಿಗೋ ತೋಚಿದ ವಕ್ರಬುದ್ಧಿ ಎಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಅದಕ್ಕೆ ಗಟ್ಟಿಯಾದ ಕಾರಣ ಇತ್ತು. ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲಿದ್ದ ಕಂಪ್ಯೂಟರ್ ಟರ್ಮಿನಲ್ ಕಾರ್ಪೊರೇಷನ್ ಎಂಬ ಕಂಪನಿ 1970ರಲ್ಲಿ ಡೇಟಾಪಾಯಿಂಟ್ 2200 ಎಂಬ ಯಂತ್ರವನ್ನು ಪ್ರಕಟಿಸಿತು. ಅದರ ಪ್ರೊಸೆಸರು ಒಂದು ಸಲಕ್ಕೆ ಒಂದೇ ಬಿಟ್ಟನ್ನು ನಿಭಾಯಿಸುತ್ತಿತ್ತು. ಕೂಡುವಾಗ ದಶಕವನ್ನು ಮುಂದಿನ ಸ್ಥಾನಕ್ಕೆ ಒಯ್ಯಬೇಕಾಗಿರುವುದರಿಂದ ಬಿಡಿಸ್ಥಾನದ ಕಡೆಯಿಂದಲೇ ಶುರು ಮಾಡಬೇಕು. ಆದ್ದರಿಂದ ಚಿಕ್ಕ ಬೈಟು ಮೊದಲು ಕೈಗೆ ಸಿಗುವುದು ಆ ಯಂತ್ರಕ್ಕೆ ಅನುಕೂಲವಾಗಿತ್ತು. ಅದೇ ಯಂತ್ರದ ಪ್ರೊಸೆಸರನ್ನು ಒಂದೇ ಚಿಪ್ಪಿನಲ್ಲಿ ಅಡಗಿಸುವ ಕೆಲಸ ಇಂಟೆಲ್ ಕಂಪನಿಗೆ ಬಂತು. ಸಿದ್ಧವಾದ ಚಿಪ್ಪು ಡೇಟಾಪಾಯಿಂಟ್ ಯಂತ್ರದೊಳಗೆ ಹೋಗಲೇ ಇಲ್ಲ. ಇಂಟೆಲ್ 1972ರಲ್ಲಿ ಅದನ್ನು 8008 ಎಂಬ ಹೆಸರಿನಲ್ಲಿ ತಾನೇ ಮಾರುಕಟ್ಟೆಗೆ ತಂದಿತು. ಹೊಸ ಚಿಪ್ಪು ಎಂಟು ಬಿಟ್ಟುಗಳನ್ನು ಒಟ್ಟಿಗೆ ನಿಭಾಯಿಸಬಲ್ಲದ್ದಾದ್ದರಿಂದ ಹಳೆಯ ಕಾರಣ ಅಲ್ಲಿಗೆ ಸತ್ತುಹೋಗಿತ್ತು, ಕ್ರಮ ಮಾತ್ರ ಉಳಿಯಿತು. 1974ರ 8080, 1978ರ 8086, ಅದರ ವಂಶದಲ್ಲಿ ಹುಟ್ಟಿದ ಇಂದಿನ ಲ್ಯಾಪ್‌ಟಾಪುಗಳು, ಎಲ್ಲವೂ ಅದೇ ಕ್ರಮವನ್ನು ಹೊತ್ತುಕೊಂಡು ಬಂದಿವೆ. ಇನ್ನೊಂದು ಕಡೆ 1964ರ ಐಬಿಎಂ ಸಿಸ್ಟಮ್ 360 ಮತ್ತು ನಂತರದ ಮೊಟೊರೊಲಾ 68000 ದೊಡ್ಡ ತುದಿಯನ್ನೇ ಮೊದಲು ಇಟ್ಟವು.

ಬಿಡಿಸ್ಥಾನವನ್ನು ಮೊದಲು ಹೇಳುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಟಪಯಾದಿ ಸೂತ್ರದಲ್ಲಿ ಅಕ್ಷರಗಳಿಗೆ ಅಂಕಿಗಳನ್ನು ಹೊಂದಿಸುವಾಗ "ಅಂಕಾನಾಂ ವಾಮತೋ ಗತಿಃ" ಎಂಬ ನಿಯಮ ಇದೆ: ಅಂಕಿಗಳು ಎಡಕ್ಕೆ ನಡೆಯುತ್ತವೆ. ಕರ್ನಾಟಕ ಸಂಗೀತ ಕಲಿತವರು ಮೇಚಕಲ್ಯಾಣಿ ರಾಗದ ಹೆಸರಿನಲ್ಲಿರುವ ಮೊದಲ ಎರಡು ಅಕ್ಷರಗಳಿಂದ ಮಕಾರಕ್ಕೆ 5, ಚಕಾರಕ್ಕೆ 6 ಎಂದು ಪಡೆದು, ಅದನ್ನು ತಿರುಗಿಸಿ, ಅದು 65ನೆಯ ಮೇಳಕರ್ತ, ಅಂದರೆ 65ನೆಯ ಮೂಲರಾಗ, ಎಂದು ಹೇಳುತ್ತಾರೆ. ಧೀರಶಂಕರಾಭರಣಕ್ಕೆ 9 ಮತ್ತು 2, ತಿರುಗಿಸಿದರೆ 29. ನಿಯಮ ತಿಳಿಯದವನು ಮೇಚಕಲ್ಯಾಣಿಯನ್ನು 56ನೆಯ ಮೇಳ ಎಂದು ಹೇಳಿದರೆ, ನಮ್ಮ ಕಂಪ್ಯೂಟರು 348.35 ಎಂದು ಹೇಳಿದಷ್ಟೇ ಪ್ರಾಮಾಣಿಕವಾಗಿ ತಪ್ಪು ಹೇಳಿದಂತಾಗುತ್ತದೆ. 56ನೆಯದೂ ಒಂದು ಮೇಳವೇ ಆಗಿರುವುದರಿಂದ ತಪ್ಪು ಮೇಲ್ನೋಟಕ್ಕೆ ಕಾಣಿಸುವುದೂ ಇಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಎರಡು ಪದ್ಧತಿಗಳ ನಡುವಿನ ವಾದ ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಎಷ್ಟು ಬಿಸಿಯೇರಿತ್ತೆಂದರೆ, ಡ್ಯಾನಿ ಕೋಹೆನ್ ಎಂಬ ಕಂಪ್ಯೂಟರ್ ವಿಜ್ಞಾನಿ 1980ರ ಏಪ್ರಿಲ್ 1ರಂದು ಇದರ ಬಗ್ಗೆ ಅರ್ಧ ತಮಾಷೆಯ, ಅರ್ಧ ಗಂಭೀರವಾದ ಟಿಪ್ಪಣಿ ಬರೆದರು. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಹೊಡೆದಾಡುವ ಜನರ ಕಥೆ ಜೊನಾಥನ್ ಸ್ವಿಫ್ಟ್ ಬರೆದ ಗಲಿವರನ ಪ್ರವಾಸಕಥನದಲ್ಲಿದೆ. ಈ ಎರಡು ಹೆಸರುಗಳನ್ನು ಕೋಹೆನ್ ಅಲ್ಲಿಂದ ತಂದರು. ಯಾವ ಕ್ರಮ ಎಂಬುದಕ್ಕಿಂತ ಎಲ್ಲರೂ ಒಂದೇ ಕ್ರಮಕ್ಕೆ ಒಪ್ಪುವುದು ಮುಖ್ಯ ಎಂಬುದು ಅವರ ನಿಲುವು. ಇಂಟರ್ನೆಟ್ಟಿನ ಮಟ್ಟಿಗೆ ಅಂಥ ಒಪ್ಪಂದ ಆಯಿತು. 1981ರ ಆರ್‌ಎಫ್‌ಸಿ 791 ಎಂಬ ದಾಖಲೆಯಲ್ಲಿ ಐಪಿ ಪ್ಯಾಕೆಟ್ಟಿನೊಳಗಿನ, ಅಂದರೆ ಇಂಟರ್ನೆಟ್ಟಿನಲ್ಲಿ ಓಡಾಡುವ ಮಾಹಿತಿಯ ಕಟ್ಟಿನೊಳಗಿನ, ಸಂಖ್ಯೆಗಳು ದೊಡ್ಡ ತುದಿಯಿಂದ ಹೊರಡಬೇಕೆಂದು ಬರೆದಿದೆ. ಹಾಗಾಗಿ ಲಿಟಲ್ ಎಂಡಿಯನ್ ಆದ ನಿಮ್ಮ ಲ್ಯಾಪ್‌ಟಾಪು ಪ್ರತಿಯೊಂದು ಪ್ಯಾಕೆಟ್ಟನ್ನು ಹೊರಗೆ ಕಳಿಸುವಾಗಲೂ ಒಳಗೆ ತೆಗೆದುಕೊಳ್ಳುವಾಗಲೂ ಈ ಸಂಖ್ಯೆಗಳನ್ನು ತಿರುಗಿಸುತ್ತಿರುತ್ತದೆ.

ಸಿ ಭಾಷೆಯಲ್ಲಿ ಸಾಕೆಟ್ ಪ್ರೋಗ್ರಾಮು, ಅಂದರೆ ನೆಟ್‌ವರ್ಕಿನ ಮೂಲಕ ಮಾತಾಡುವ ಪ್ರೋಗ್ರಾಮು, ಬರೆಯುವವರು ಈ ತಿರುಗಿಸುವ ಹೆಜ್ಜೆಯನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಬಂದ ಸಂದೇಶ ಯಂತ್ರದೊಳಗಿನ ಯಾವ ಪ್ರೋಗ್ರಾಮಿಗೆ ಎಂದು ತಿಳಿಸುವ ಸಂಖ್ಯೆಗೆ ಪೋರ್ಟು ಎನ್ನುತ್ತಾರೆ. 80ನೆಯ ಪೋರ್ಟು ಹೆಕ್ಸಿನಲ್ಲಿ 0050. ತಿರುಗಿದರೆ 5000, ಅಂದರೆ 20480ನೆಯ ಪೋರ್ಟು. ಸರ್ವರು ನಡೆಯುತ್ತಲೇ ಇರುತ್ತದೆ, ಯಾರಿಗೂ ಸಿಗುವುದಿಲ್ಲ. ಲಿನಕ್ಸ್ ಬಳಸುವವರು ಪ್ರೊಕ್ ಎಂಬ ಕಡತಕೋಶದ ಒಳಗೆ ನೆಟ್ ವಿಭಾಗದಲ್ಲಿರುವ ಟಿಸಿಪಿ ಎಂಬ ಕಡತವನ್ನು ತೆರೆದು ನೋಡಿ. ಯಂತ್ರ ತನ್ನನ್ನೇ ಕರೆದುಕೊಳ್ಳುವ 127.0.0.1 ಎಂಬ ವಿಳಾಸ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಅಲ್ಲಿ 0100007ಎಫ್ ಎಂದು ಕಾಣುತ್ತದೆ. 127 ಎಂದರೆ 7ಎಫ್. ಅದು ಕೊನೆಗೆ ಹೋಗಿದೆ. ಪಕ್ಕದಲ್ಲೇ ಬರೆದಿರುವ ಪೋರ್ಟು ಸಂಖ್ಯೆ ಮಾತ್ರ 0050 ಎಂದು ನೇರವಾಗಿಯೇ ಇರುತ್ತದೆ. ಒಂದೇ ಸಾಲಿನಲ್ಲಿ, ಒಂದು ಕೋಲನ್ ಚಿಹ್ನೆಯ ಆಚೀಚೆ, ಒಂದು ತಿರುಗಿದ ಸಂಖ್ಯೆ, ಒಂದು ತಿರುಗದ ಸಂಖ್ಯೆ. ಹೆಕ್ಸ್ ಸಾಲನ್ನು ಕಂಡ ಕೂಡಲೇ ಪೂರ್ತಿ ತಿರುಗಿಸಲು ಹೊರಡುವವರಿಗೆ ನಾನು ಈ ಸಾಲನ್ನೇ ತೋರಿಸುತ್ತೇನೆ.

ಈಗ ತಿರುಗಿಸುವ ಕೆಲಸಕ್ಕೆ ಬರೋಣ. ಕೈಯಲ್ಲಿ ಮಾಡುವುದಾದರೆ ಬಲತುದಿಯಿಂದ ಎರಡೆರಡು ಅಂಕಿಗಳನ್ನು ಕಡಿದು, ಕಡಿದ ಕ್ರಮದಲ್ಲಿಯೇ ಎಡದಿಂದ ಬರೆಯುತ್ತ ಹೋಗಬೇಕು. 12345678 ಎಂಬುದು 78563412 ಆಗುತ್ತದೆ. 87654321 ಎಂದು ಬರೆದವರು ಜೋಡಿಗಳನ್ನು ಒಡೆದಿದ್ದಾರೆ. ಅಕ್ಷರಮಾಲೆಯನ್ನು ತಿರುಗಿಸುವ ಸಿದ್ಧ ಆಜ್ಞೆಯನ್ನು ಪ್ರೋಗ್ರಾಮಿನಲ್ಲಿ ಕಣ್ಣುಮುಚ್ಚಿ ಬಳಸಿದಾಗಲೂ ಇದೇ ಆಗುತ್ತದೆ. ಎರಡನೆಯ ಅಪಾಯ ಮುಂದಿನ ಸೊನ್ನೆಗಳದ್ದು. ಎಷ್ಟೋ ಸಾಧನಗಳು ಸಂಖ್ಯೆಯ ಮುಂದಿನ ಸೊನ್ನೆಯನ್ನು ನುಂಗಿ ಎಬಿಸಿ ಎಂದು ಮೂರೇ ಅಂಕಿ ಕೊಡುತ್ತವೆ. ಅದನ್ನು ಮೊದಲು 0ಎ ಬಿಸಿ ಎಂದು ತುಂಬಿಸಿಕೊಂಡು, ಆಮೇಲೆ ಬಿಸಿ 0ಎ ಎಂದು ತಿರುಗಿಸಬೇಕು. ಸೊನ್ನೆ ಎಷ್ಟು ತುಂಬಿಸಬೇಕೆಂಬುದು ಅಂಕಿಗಳನ್ನು ನೋಡಿದರೆ ತಿಳಿಯುವುದಿಲ್ಲ. ಆ ಸಂಖ್ಯೆಗೆ ಎಷ್ಟು ಬೈಟುಗಳ ಜಾಗ ನಿಗದಿಯಾಗಿದೆ ಎಂಬುದು ಗೊತ್ತಿರಬೇಕು. ಒಂದು ಎಂಬ ಸಂಖ್ಯೆಯನ್ನು ಎರಡು ಬೈಟುಗಳಲ್ಲಿ ತಿರುಗಿಸಿದರೆ 0100, ಅಂದರೆ 256. ನಾಲ್ಕು ಬೈಟುಗಳಲ್ಲಿ ತಿರುಗಿಸಿದರೆ 01000000, ಅಂದರೆ 1 ಕೋಟಿ 67 ಲಕ್ಷ 77 ಸಾವಿರದ 216. ಅಗಲ ಹೇಳದೆ ತಿರುಗಿಸು ಎಂದರೆ ಆ ಮಾತಿಗೆ ಅರ್ಥವೇ ಇಲ್ಲ.

ಹಾಸ್ಟೆಲುಗಳಲ್ಲೂ ಕಚೇರಿಗಳಲ್ಲೂ ಬಾಗಿಲಿಗೆ ಹಿಡಿಯುವ ಕಾರ್ಡುಗಳಲ್ಲಿ ಇದನ್ನು ನೀವೇ ನೋಡಿರಬಹುದು. ನಾಲ್ಕು ಬೈಟುಗಳ ಗುರುತನ್ನು ಒಂದು ರೀಡರು 305419896 ಎಂದು ಓದಿದರೆ, ಬೇರೆ ಕಂಪನಿಯ ರೀಡರು ಅದೇ ಕಾರ್ಡನ್ನು 2018915346 ಎಂದು ಓದುತ್ತದೆ. ಆಡಳಿತದವರು ಕಾರ್ಡು ನಕಲಿಯೆಂದು ಬದಿಗಿಡುತ್ತಾರೆ. ಎರಡನ್ನೂ ಹೆಕ್ಸಿಗೆ ತಂದು ಪಕ್ಕಪಕ್ಕದಲ್ಲಿ ಬರೆದರೆ 12345678 ಮತ್ತು 78563412 ಎಂದು ಕಾಣುತ್ತದೆ, ವಿಷಯ ಅಲ್ಲಿಗೆ ಇತ್ಯರ್ಥ. ದಶಮಾನದಲ್ಲಿ ಇಂಥ ನಂಟು ಕಣ್ಣಿಗೆ ಬೀಳುವುದಿಲ್ಲ. ಈ ಕೆಲಸಕ್ಕೆ ಹೆಕ್ಸ್ ಬೇಕಾಗುವುದೂ ಇದಕ್ಕೇ.

ಪ್ರೋಗ್ರಾಮಿನಲ್ಲಿ ಎರಡು ಬೈಟುಗಳನ್ನು ತಿರುಗಿಸುವುದೆಂದರೆ ಸಂಖ್ಯೆಯನ್ನು ಎಂಟು ಬಿಟ್ಟು ಎಡಕ್ಕೂ ಎಂಟು ಬಿಟ್ಟು ಬಲಕ್ಕೂ ಸರಿಸಿ ಎರಡನ್ನೂ ಬೆಸೆಯುವುದು. ಹೇಳಲು ಇಷ್ಟೇ ಆದರೂ ಎರಡು ಕಡೆ ಕಾಲು ಜಾರುತ್ತದೆ. ಸಿ ಭಾಷೆ ಚಿಕ್ಕ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಾಗ ತಾನಾಗಿಯೇ ಅಗಲ ಮಾಡುವುದರಿಂದ 1388 ಎಡಕ್ಕೆ ಸರಿದು 138800 ಆಗಿ ಉಳಿಯುತ್ತದೆ. ಮೇಲಿನ 13 ಅನ್ನು ಕತ್ತರಿಸಿ ಹಾಕಬೇಕು. ಸಂಖ್ಯೆಗೆ ಋಣಚಿಹ್ನೆಯ ಅವಕಾಶ ಇದ್ದರೆ 8813 ಬಲಕ್ಕೆ ಸರಿಯುವಾಗ ಸಾಮಾನ್ಯವಾಗಿ ಮುಂದೆ ಒಂದುಗಳು ತುಂಬಿಕೊಂಡು ಎಫ್‌ಎಫ್88 ಆಗುತ್ತದೆ. ಚಿಹ್ನೆಯಿಲ್ಲದ ಬಗೆಯನ್ನೇ ಇಟ್ಟುಕೊಂಡು ತಿರುಗಿಸಿ, ಚಿಹ್ನೆಯ ಅರ್ಥವನ್ನು ಕೊನೆಯಲ್ಲಿ ಕೊಡುವುದು ಕ್ಷೇಮ. ನಾಲ್ಕು ಬೈಟುಗಳಾದರೆ ಮೊದಲು ಅರ್ಧರ್ಧಗಳನ್ನು ಅದಲುಬದಲು ಮಾಡಿ 56781234 ಎಂದು ಪಡೆದು, ಆಮೇಲೆ ಪ್ರತಿ ಅರ್ಧದೊಳಗಿನ ಬೈಟುಗಳನ್ನು ಬದಲಿಸಿ 78563412 ಮಾಡಬಹುದು. 1989ರಲ್ಲಿ ಬಂದ ಇಂಟೆಲ್ 486 ಪ್ರೊಸೆಸರಿನಲ್ಲಿ ಈ ಕೆಲಸಕ್ಕೆಂದೇ ಬಿಸ್ವಾಪ್ ಎಂಬ ಆಜ್ಞೆಯನ್ನು ಸೇರಿಸಿದರು. ಪೈಥಾನಿನಲ್ಲಿ ಬೈಟುಗಳಿಂದ ಪೂರ್ಣಾಂಕ ಮಾಡುವ ಸಿದ್ಧ ವಿಧಾನಕ್ಕೆ ಬಿಗ್ ಅಥವಾ ಲಿಟಲ್ ಎಂದು ಹೇಳಿದರೆ ಸಾಕು. ಅದರ 3.11ನೆಯ ಆವೃತ್ತಿಯಿಂದ ಏನೂ ಹೇಳದಿದ್ದರೆ ಬಿಗ್ ಎಂದೇ ಭಾವಿಸಿಕೊಳ್ಳುತ್ತದೆ. ಆದರೂ ಬರೆದೇ ತೀರಬೇಕೆಂಬುದು ನನ್ನ ಅಭಿಪ್ರಾಯ. ಓದುವವರಿಗೆ ಕ್ರಮ ಕಣ್ಣಿಗೆ ಕಾಣಬೇಕು.

ಒಂದೇ ಸಂಖ್ಯೆಯ ಮಾತು ಇಲ್ಲಿಗೆ ಮುಗಿಯಿತು. ನಿಜವಾದ ಕಷ್ಟ ಇರುವುದು ಹಲವು ಸಂಗತಿಗಳನ್ನು ಒಟ್ಟಿಗೆ ಕಟ್ಟಿದ ದಾಖಲೆಗಳಲ್ಲಿ. ನಮ್ಮ ಎಪಿಎಂಸಿ ಯಾರ್ಡಿಗೆ ಮೆಕ್ಕೆಜೋಳ ತರುವ ಗಾಡಿಗಳನ್ನು ವೇ ಬ್ರಿಡ್ಜಿನ ಮೇಲೆ ತೂಗಿದಾಗ ಒಂದೊಂದು ತೂಕಕ್ಕೂ ಹತ್ತು ಬೈಟುಗಳ ದಾಖಲೆ ಉಳಿಯುತ್ತದೆ ಎಂದು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಮೊದಲ ಎರಡು ಬೈಟು ಚೀಟಿಯ ಸಂಖ್ಯೆ, ನಂತರದ ನಾಲ್ಕು ಬೈಟು ಕಿಲೊಗ್ರಾಮಿನಲ್ಲಿ ನಿವ್ವಳ ತೂಕ, ಕೊನೆಯ ನಾಲ್ಕು ಬೈಟು ಸರಕಿನ ಹೆಸರಿನ ಇಂಗ್ಲಿಷ್ ಅಕ್ಷರಗಳು. ಕಡತದಲ್ಲಿ ಇರುವ ಸಾಲು ಹೀಗಿದೆ: 27 00 64 19 00 00 4ಎ 4ಎಫ್ 4ಸಿ 41.

ಇದು ಲಿಟಲ್ ಎಂಡಿಯನ್ ದಾಖಲೆ. ಚೀಟಿ ಸಂಖ್ಯೆ 0027, ಅಂದರೆ 39. ತೂಕ 00001964, ಅಂದರೆ 6500 ಕಿಲೊ. ಕೊನೆಯ ನಾಲ್ಕು ಬೈಟುಗಳು ಜೆ, ಒ, ಎಲ್, ಎ ಎಂಬ ಅಕ್ಷರಗಳು, ಓದಿದರೆ ಜೋಳ. ತಿರುಗಿಸುವುದನ್ನು ಮರೆತು ತೂಕವನ್ನು ಇದ್ದಂತೆಯೇ 64190000 ಎಂದು ಓದಿದರೆ ಒಂದು ಗಾಡಿಯಲ್ಲಿ 167 ಕೋಟಿ 93 ಲಕ್ಷ 60 ಸಾವಿರ ಕಿಲೊ ಜೋಳ ಬಂದಂತಾಗುತ್ತದೆ. ಇದಕ್ಕೆ ಹೆದರಿ ಹತ್ತೂ ಬೈಟುಗಳನ್ನು ಒಟ್ಟಿಗೆ ತಿರುಗಿಸಿದರೆ 41 4ಸಿ 4ಎಫ್ 4ಎ 00 00 19 64 00 27 ಎಂದಾಗುತ್ತದೆ. ಈಗ ತೂಕವೂ ಚೀಟಿ ಸಂಖ್ಯೆಯೂ ಸರಿಯಾಗಿ ಓದಿಸಿಕೊಳ್ಳುತ್ತವೆ, ಆದರೆ ತಮ್ಮ ಜಾಗದಲ್ಲಿ ಇಲ್ಲ. ಜೋಳ ಹೋಗಿ ಅಲೋಜ ಆಗಿದೆ. ಒಂದೊಂದೇ ಬೈಟಿನ ಅಕ್ಷರಗಳ ಸಾಲಿಗೆ ದೊಡ್ಡ ತುದಿ, ಚಿಕ್ಕ ತುದಿ ಎಂಬುದಿಲ್ಲ, ಅದನ್ನು ಮುಟ್ಟಬಾರದು. ದಾಖಲೆಯನ್ನು ಮೊದಲು ಅಂಕಣಗಳಾಗಿ ಕಡಿಯಬೇಕು, ಆಮೇಲೆ ಸಂಖ್ಯೆಯಿರುವ ಅಂಕಣಗಳನ್ನು ಮಾತ್ರ, ಒಂದೊಂದನ್ನೂ ಅದರದರ ಅಗಲದೊಳಗೇ ತಿರುಗಿಸಬೇಕು. ಇದೇ ದಾಖಲೆಯನ್ನು ಸಿ ಭಾಷೆಯ ಸ್ಟ್ರಕ್ಟ್ (ಹಲವು ಅಂಕಣಗಳ ಕಟ್ಟು) ಆಗಿ ಬರೆದರೆ ಚೀಟಿ ಸಂಖ್ಯೆಗೂ ತೂಕಕ್ಕೂ ನಡುವೆ ಕಂಪೈಲರು (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ಸಾಧನ) ಎರಡು ಖಾಲಿ ಬೈಟುಗಳನ್ನು ತುರುಕುವುದು ಸಾಮಾನ್ಯ. ಅದು ಬೇರೆಯೇ ತೊಂದರೆ, ನೋಡುವುದಕ್ಕೆ ಮಾತ್ರ ಬೈಟ್ ಕ್ರಮದ ತಪ್ಪಿನಂತೆಯೇ ಕಾಣುತ್ತದೆ.

ವಿದ್ಯುತ್ ವಿಭಾಗದವರಿಗೆ ಇನ್ನೂ ಹತ್ತಿರದ ವಿಷಯ, ಮೀಟರಿನಂಥ ಸಾಧನಗಳು ಕಂಪ್ಯೂಟರಿನೊಡನೆ ಮಾತಾಡುವ ಪದ್ಧತಿಯಾದ ಮೋಡ್‌ಬಸ್. 1979ರಲ್ಲಿ ಮೊಡಿಕಾನ್ ಕಂಪನಿ ರೂಪಿಸಿದ ಈ ಪದ್ಧತಿಯಲ್ಲಿ ಮಾಹಿತಿ ರಿಜಿಸ್ಟರುಗಳೆಂಬ ಹದಿನಾರು ಬಿಟ್ಟುಗಳ ಗೂಡುಗಳಲ್ಲಿ ಓಡಾಡುತ್ತದೆ. ಒಂದು ರಿಜಿಸ್ಟರಿನೊಳಗೆ ದೊಡ್ಡ ಬೈಟು ಮೊದಲು ಎಂಬುದು ನಿಯಮ. ಆದರೆ ವೋಲ್ಟೇಜಿನಂಥ ದಶಮಾಂಶ ಸಂಖ್ಯೆಗೆ ಮೂವತ್ತೆರಡು ಬಿಟ್ಟು ಬೇಕು, ಅಂದರೆ ಎರಡು ರಿಜಿಸ್ಟರು. ಅವೆರಡರಲ್ಲಿ ಯಾವುದು ಮೊದಲು ಎಂಬುದನ್ನು ಆ ನಿಯಮ ಹೇಳಲಿಲ್ಲ. ಹೇಳದೆ ಬಿಟ್ಟ ಜಾಗವನ್ನು ಒಂದೊಂದು ಕಂಪನಿ ಒಂದೊಂದು ರೀತಿಯಲ್ಲಿ ತುಂಬಿಕೊಂಡಿತು. ಮೀಟರಿನ ಕೈಪಿಡಿಗಳಲ್ಲಿ ಎಬಿಸಿಡಿ, ಸಿಡಿಎಬಿ, ಬಿಎಡಿಸಿ, ಡಿಸಿಬಿಎ ಎಂದು ನಾಲ್ಕು ಬಗೆ ಕಾಣುವುದು ಈ ಕಾರಣಕ್ಕೆ. ಅಲ್ಲಿ ಈ ನಾಲ್ಕು ಅಕ್ಷರಗಳು ಹೆಕ್ಸ್ ಅಂಕಿಗಳಲ್ಲ, ನಾಲ್ಕು ಬೈಟುಗಳ ಹೆಸರುಗಳು.

ನಮ್ಮ ದೇಶದ ಒಂದು ಫೇಸಿನ ವೋಲ್ಟೇಜಾದ 230.0 ಅನ್ನು, ದಶಮಾಂಶ ಸಂಖ್ಯೆಗಳನ್ನು ಬಿಟ್ಟುಗಳಲ್ಲಿ ಬರೆಯುವ ಐಇಇಇ 754 ನಿಯಮದಂತೆ, ನಾಲ್ಕು ಬೈಟುಗಳಲ್ಲಿ ಬರೆದರೆ 43 66 00 00 ಎಂದಾಗುತ್ತದೆ. ರಿಜಿಸ್ಟರುಗಳು ಅದಲುಬದಲಾಗಿ 00 00 43 66 ಎಂದು ಬಂದರೆ ಅದರ ಬೆಲೆ ದಶಮಾಂಶ ಬಿಂದುವಿನ ನಂತರ ನಲವತ್ತು ಸೊನ್ನೆ ದಾಟಿದ ಮೇಲೆ ಶುರುವಾಗುವಷ್ಟು ಚಿಕ್ಕದು. ಪರದೆ ಅದನ್ನು 0.00 ಎಂದು ತೋರಿಸುತ್ತದೆ, ತಂತ್ರಜ್ಞರು ಫ್ಯೂಸ್ ನೋಡಲು ಓಡುತ್ತಾರೆ. ಪೂರ್ತಿ ತಿರುಗಿದ 00 00 66 43 ಕೂಡ ಹಾಗೆಯೇ ಸೊನ್ನೆಯಾಗಿ ಕಾಣುತ್ತದೆ. ರಿಜಿಸ್ಟರುಗಳು ಸ್ವಸ್ಥಾನದಲ್ಲಿದ್ದು ಒಳಗಿನ ಬೈಟುಗಳು ಮಾತ್ರ ತಿರುಗಿದರೆ 66 43 00 00. ಇದರ ಬೆಲೆ ಸುಮಾರು 2.302ನ್ನು ಹತ್ತರ 23ನೆಯ ಘಾತದಿಂದ ಗುಣಿಸಿದಷ್ಟು. ಮೊದಲ ಮೂರು ಅಂಕಿಗಳು 2, 3, 0 ಆಗಿರುವುದು ಬರೀ ಕಾಕತಾಳೀಯ. ಅದನ್ನು ನೋಡಿದವರು ಗುಣಕವನ್ನು ಸರಿಪಡಿಸಿದರೆ ಸಾಕೆಂದು ಹೊರಟರೆ ಆಶ್ಚರ್ಯವಿಲ್ಲ, ವೋಲ್ಟೇಜು 231ಕ್ಕೆ ಏರಿದ ಕೂಡಲೇ ಆ ಗುಣಕ ಕೈಕೊಡುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವಂಥ ಗಾಳಿಯಂತ್ರಗಳಲ್ಲಿ ಬೇರೆ ಬೇರೆ ಕಂಪನಿಗಳವು ಬೆರೆತಿದ್ದು, ಅವುಗಳ ಮಾಹಿತಿಯನ್ನು ಒಂದೇ ಪರದೆಗೆ ತರಬೇಕಾದರೆ, ಕ್ರಮವನ್ನು ಇಡೀ ವ್ಯವಸ್ಥೆಗೆ ಒಂದೇ ಕಡೆ ನಿಗದಿ ಮಾಡುವುದು ಸಾಲದು. ಪ್ರತಿ ಸಾಧನಕ್ಕೂ ಅದನ್ನು ಬರೆದಿಡಬೇಕು.

ಬರಹಕ್ಕೂ ಬೈಟ್ ಕ್ರಮಕ್ಕೂ ಸಂಬಂಧವಿಲ್ಲ ಎಂದು ಈಗಷ್ಟೇ ಹೇಳಿದೆ. ಅದು ಒಂದು ಅಕ್ಷರಕ್ಕೆ ಒಂದೇ ಬೈಟು ಇದ್ದಾಗಿನ ಮಾತು. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಸ್ಥಾನಗಳಿವೆ. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್ 16 ಪದ್ಧತಿಯಲ್ಲಿ ಇಂಥ ಒಂದೊಂದು ಸಂಕೇತಕ್ಕೂ ಎರಡು ಬೈಟುಗಳು ಬೇಕು. ದಾವಣಗೆರೆ ಎಂಬ ನಮ್ಮ ಊರಿನ ಹೆಸರು ಅಲ್ಲಿ ದ, ಆಕಾರದ ಚಿಹ್ನೆ, ವ, ಣ, ಗ, ಎಕಾರದ ಚಿಹ್ನೆ, ರ, ಮತ್ತೆ ಎಕಾರದ ಚಿಹ್ನೆ ಎಂದು ಎಂಟು ಸಂಕೇತಗಳಾಗುತ್ತದೆ: 0ಸಿ ಎ6, 0ಸಿ ಬಿಇ, 0ಸಿ ಬಿ5, 0ಸಿ ಎ3, 0ಸಿ 97, 0ಸಿ ಸಿ6, 0ಸಿ ಬಿ0, 0ಸಿ ಸಿ6. ಈ ಹದಿನಾರು ಬೈಟುಗಳನ್ನು ತಪ್ಪು ಕ್ರಮದಲ್ಲಿ ಓದಿದಾಗ ದಕಾರವು ಎ60ಸಿ ಆಗಿ ಪಶ್ಚಿಮ ಆಫ್ರಿಕಾದ ವಾಯ್ ಲಿಪಿಗೆ ಸೇರುತ್ತದೆ. ಆಕಾರ, ವಕಾರ, ರಕಾರ ಮತ್ತು ಎರಡೂ ಎಕಾರಗಳು ಕೊರಿಯಾದ ಹಾಂಗುಲ್ ಅಕ್ಷರಗಳಾಗುತ್ತವೆ. ಣಕಾರವು ನೈಋತ್ಯ ಚೀನಾದ ಯಿ ಜನರ ಲಿಪಿಗೂ, ಗಕಾರವು ಚೀನೀ ಲಿಪಿಗೂ ಹೋಗುತ್ತವೆ. ಕನ್ನಡ ಕಡತವನ್ನು ತೆರೆದಾಗ ಪುಟದ ತುಂಬ ಕೊರಿಯನ್ನಿನಂಥ ಅಕ್ಷರಗಳು ಕಂಡರೆ ಫಾಂಟನ್ನು ಬೈಯುವ ಮುಂಚೆ ಬೈಟ್ ಕ್ರಮವನ್ನು ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ. ಯುಟಿಎಫ್ 8 ಪದ್ಧತಿಯಲ್ಲಿ ದಕಾರಕ್ಕೆ ಇ0 ಬಿ2 ಎ6 ಎಂದು ಮೂರು ಬೈಟು ಖರ್ಚಾಗುತ್ತದೆ ನಿಜ, ಆದರೆ ಅಲ್ಲಿ ಬೈಟುಗಳ ಸಾಲೂ ನಿಯಮದಲ್ಲಿಯೇ ಸೇರಿಹೋಗಿರುವುದರಿಂದ ತಿರುಗಿಸುವ ಪ್ರಶ್ನೆಯೇ ಇಲ್ಲ. ಹೊಸ ಕೆಲಸಕ್ಕೆ ಅದನ್ನೇ ಬಳಸಿ.

ಕಡತವೇ ತನ್ನ ಕ್ರಮವನ್ನು ಹೇಳಿಕೊಳ್ಳುವ ಎರಡು ಉಪಾಯಗಳಿವೆ, ಎರಡೂ ನನಗೆ ಬಹಳ ಇಷ್ಟ. ಯುಟಿಎಫ್ 16 ಕಡತದ ಮೊದಲಲ್ಲಿ ಎಫ್‌ಇ ಎಫ್‌ಎಫ್ ಎಂಬ ಗುರುತನ್ನು ಇಡುತ್ತಾರೆ. ಅದನ್ನು ತಿರುಗಿಸಿದಾಗ ಬರುವ ಎಫ್‌ಎಫ್ ಎಫ್‌ಇ ಎಂಬ ಸ್ಥಾನವನ್ನು ಯೂನಿಕೋಡ್ ಯಾವ ಅಕ್ಷರಕ್ಕೂ ಕೊಡದೆ ಶಾಶ್ವತವಾಗಿ ಖಾಲಿ ಬಿಟ್ಟಿದೆ. ಅದು ಕಂಡಿತೆಂದರೆ ಓದುವ ಕ್ರಮ ತಪ್ಪಿದೆ ಎಂದೇ ಅರ್ಥ. ಟಿಫ್ ಚಿತ್ರಗಳಲ್ಲಿ ಇದಕ್ಕೆ ತದ್ವಿರುದ್ಧ ಉಪಾಯ. ಮೊದಲ ಎರಡು ಬೈಟು 49 49 ಇದ್ದರೆ ಲಿಟಲ್ ಎಂಡಿಯನ್, 4ಡಿ 4ಡಿ ಇದ್ದರೆ ಬಿಗ್ ಎಂಡಿಯನ್. ಎರಡೂ ಜೋಡಿಗಳು ಯಾವ ಕಡೆಯಿಂದ ಓದಿದರೂ ಒಂದೇ ಆಗಿರುವುದರಿಂದ, ಕ್ರಮ ತಿಳಿಯದವನಿಗೂ ಅವನ್ನು ಓದಲು ಸಾಧ್ಯ. ನೀವೇ ಒಂದು ಕಡತದ ರೂಪವನ್ನು ರಚಿಸುವ ಸಂದರ್ಭ ಬಂದರೆ ಇವೆರಡರಲ್ಲಿ ಒಂದನ್ನು ಅನುಸರಿಸಿ, ಅಥವಾ ಒಂದೇ ಕ್ರಮವನ್ನು ದಾಖಲೆಯಲ್ಲಿ ಬರೆದು ಅದಕ್ಕೆ ಅಂಟಿಕೊಳ್ಳಿ.

ಮೇಲ್ನೋಟಕ್ಕೆ ಕಾಣದ ತಪ್ಪಿನ ಮಾತಿಗೆ ಮತ್ತೆ ಬರುತ್ತೇನೆ ಎಂದಿದ್ದೆ. 348 ಹರ್ಟ್ಸ್ ಎಂಬುದು ಎಲ್ಲರಿಗೂ ಕಾಣುವ ತಪ್ಪು. ಆದರೆ ಚೀಟಿಯಲ್ಲಿ 258 ಕಿಲೊ ಇರಬೇಕಾದ ಕಡೆ 513 ಎಂದು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ, ಏಕೆಂದರೆ 0102 ಮತ್ತು 0201 ಎರಡೂ ನಂಬುವಂಥ ತೂಕಗಳೇ. ಆದ್ದರಿಂದ ಪರೀಕ್ಷೆಗೆ ಆರಿಸುವ ಸಂಖ್ಯೆಯ ಬಗ್ಗೆ ಎಚ್ಚರ ಬೇಕು. ಸೊನ್ನೆಯನ್ನು ಕಳಿಸಿ ಸೊನ್ನೆ ಬಂತೆಂದು ಖುಷಿಪಡುವುದು, 257 ಅನ್ನು ಕಳಿಸಿ 257 ಬಂತೆಂದು ಸಹಿ ಹಾಕುವುದು ಪರೀಕ್ಷೆಯಲ್ಲ. 0101 ತಿರುಗಿದರೂ 0101. ನಾಲ್ಕೂ ಬೈಟುಗಳು ಬೇರೆ ಬೇರೆಯಾಗಿರುವ 12345678ರಂಥ ಸಂಖ್ಯೆಯನ್ನು ಕಳಿಸಿದರೆ, ಬಂದ ಉತ್ತರವನ್ನು ನೋಡಿದೊಡನೆ ನಾಲ್ಕು ಬಗೆಗಳಲ್ಲಿ ಯಾವುದು ಎಂಬುದು ತಿಳಿಯುತ್ತದೆ. ಸಾಧನವನ್ನು ಕೂರಿಸುವಾಗಲೇ ಈ ಪರೀಕ್ಷೆ ಮುಗಿಸಬೇಕು.

ತಿರುಗಿಸುವ ಕೆಲಸ ಪ್ರೋಗ್ರಾಮಿನ ಯಾವ ಜಾಗದಲ್ಲಿ ನಡೆಯಬೇಕು ಎಂಬುದೂ ಅಷ್ಟೇ ಮುಖ್ಯ. ಹೊರಗಿನ ಬೈಟುಗಳು ಒಳಗೆ ಬರುವ ಬಾಗಿಲಲ್ಲಿ ಒಮ್ಮೆ, ಒಳಗಿನ ಸಂಖ್ಯೆ ಹೊರಗೆ ಹೋಗುವ ಬಾಗಿಲಲ್ಲಿ ಒಮ್ಮೆ. ನಡುವೆ ಎಲ್ಲೂ ಬೇಡ. ಎರಡು ಬಾರಿ ತಿರುಗಿಸಿದರೆ ಮೊದಲಿದ್ದಂತೆಯೇ ಆಗುವುದರಿಂದ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟುತ್ತದೆ. ಮಾಹಿತಿ ಓದುವವರೂ ವರದಿ ತಯಾರಿಸುವವರೂ ಒಬ್ಬರಿಗೊಬ್ಬರು ಹೇಳದೆ ತಲಾ ಒಂದೊಂದು ಅನಗತ್ಯ ತಿರುವನ್ನು ಸೇರಿಸಿದ್ದರೆ ಅಂತಿಮ ಉತ್ತರ ಸರಿಯಾಗಿಯೇ ಬರುತ್ತಿರುತ್ತದೆ. ಮುಂದೆ ಯಾರೋ ಒಬ್ಬರು ಶಿಸ್ತಿನಿಂದ ಒಂದನ್ನು ತೆಗೆದ ದಿನ ಎಲ್ಲವೂ ಕೆಡುತ್ತದೆ, ಸರಿಪಡಿಸಿದವರ ಮೇಲೆಯೇ ಅಪವಾದ ಬರುತ್ತದೆ.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿನಿ, ಬೈಟಿನೊಳಗಿನ ಬಿಟ್ಟುಗಳನ್ನೂ ತಿರುಗಿಸಬೇಕಾಗುತ್ತದೆಯೇ ಎಂದು ಕೇಳಿದರು. ಸಾಮಾನ್ಯವಾಗಿ ಇಲ್ಲ. ಮೆಮೊರಿಯಲ್ಲಿ ವಿಳಾಸ ಇರುವುದು ಬೈಟಿಗೆ, ಬಿಟ್ಟಿಗಲ್ಲ. ಸೀರಿಯಲ್ ಕೇಬಲ್ಲಿನಲ್ಲಿ ಚಿಕ್ಕ ಬಿಟ್ಟು ಮೊದಲು ಹೊರಡುತ್ತದೆಯಾದರೂ, ಆ ಕಡೆಯ ಯಂತ್ರಾಂಶವೇ ಅದನ್ನು ಮತ್ತೆ ಬೈಟಾಗಿ ಜೋಡಿಸಿ ಕೊಡುತ್ತದೆ. ಆದರೆ ಅದರ ನೆರಳು ಒಂದು ಕಡೆ ಬೀಳುತ್ತದೆ. ಮೋಡ್‌ಬಸ್ಸಿನಲ್ಲಿ ಮೊದಲನೆಯ ಸಾಧನದಿಂದ ಎರಡು ರಿಜಿಸ್ಟರು ಕೇಳುವ ಸಂದೇಶ 01 03 00 00 00 02 ಸಿ4 0ಬಿ ಎಂದಿರುತ್ತದೆ. ಇದರಲ್ಲಿ ರಿಜಿಸ್ಟರಿನ ವಿಳಾಸವೂ ಸಂಖ್ಯೆಯೂ ದೊಡ್ಡ ಬೈಟಿನಿಂದ ಶುರುವಾಗಿವೆ. ಕೊನೆಯ ತಾಳೆಸಂಖ್ಯೆಯಾದ ಸಿಆರ್‌ಸಿಯ ಬೆಲೆ 0ಬಿಸಿ4, ಅದು ಮಾತ್ರ ಚಿಕ್ಕ ಬೈಟಿನಿಂದ ಹೊರಟಿದೆ. ಈ ಸಿಆರ್‌ಸಿ ಲೆಕ್ಕ ಚಿಕ್ಕ ಬಿಟ್ಟಿನ ಕಡೆಯಿಂದಲೇ ನಡೆಯುತ್ತದೆ, ಆದ್ದರಿಂದ ಈ ಕ್ರಮದಲ್ಲಿ ಕಳಿಸಿದಾಗ ಪಡೆದುಕೊಂಡವನು ಎಂಟೂ ಬೈಟುಗಳ ಮೇಲೆ ಅದೇ ಲೆಕ್ಕವನ್ನು ಓಡಿಸಿದರೆ ಉತ್ತರ ಸೊನ್ನೆಯಾಗುತ್ತದೆ, ಸಂದೇಶ ಕೆಟ್ಟಿಲ್ಲವೆಂದು ಅಷ್ಟರಿಂದಲೇ ಗೊತ್ತಾಗುತ್ತದೆ. ಯಾರಾದರೂ ಇದನ್ನೂ ಉಳಿದವುಗಳಂತೆ 0ಬಿ ಸಿ4 ಎಂದು ಕಳಿಸಿದರೆ ಮೀಟರು ತಪ್ಪು ಉತ್ತರ ಕೊಡುವುದಿಲ್ಲ, ಉತ್ತರವನ್ನೇ ಕೊಡುವುದಿಲ್ಲ. ಪರದೆಯ ಮೇಲೆ ಟೈಮ್‌ಔಟ್ ಎಂದಷ್ಟೇ ಬರುತ್ತಿದ್ದರೆ, ಕೇಬಲ್ ಬಿಚ್ಚುವ ಮೊದಲು ಸಂದೇಶದ ಕೊನೆಯ ಎರಡು ಬೈಟುಗಳನ್ನು ನೋಡಿ.